ಸೂರ್ಯನಿಗೆ ಗುಡಿ, ಶಾವಿಗೆಗೆ ಗಂಡಾಂತರ

ಗಡಿ

ನಂಜನಗೂಡಿನ ನಮ್ಮ ಬೀದಿಯಲ್ಲಿ ವಿದೇಶ ನೋಡದವನು ನಾನೊಬ್ಬನೇ ಉಳಿದಿದ್ದೆ. ಎದುರು ಮನೆಯವರು ದುಬೈಗೆ ಹೋಗಿ ಬಂದು ಒಂದು ಮಳೆಗಾಲವಿಡೀ ಖರ್ಜೂರದ ಮಾತೇ ಆಡಿದರು. ಪಕ್ಕದ ಮನೆಯಾಕೆ ಸಿಂಗಪುರದ ನಲ್ಲಿಗಳ ಕೆಳಗೆ ಕೈ ಹಿಡಿದರೆ ಸಾಕು ನೀರು ಬರುತ್ತದೆ ಎಂದು ಹೇಳಿ ಹೇಳಿ, ನಮ್ಮ ಮನೆಯ ನಲ್ಲಿಯ ಮುಂದೆಯೂ ಸುಮ್ಮನೆ ಕೈ ಹಿಡಿದು ನಿಲ್ಲುತ್ತಿದ್ದರು. ನನ್ನದು ಕನ್ನಡಕದ ಅಂಗಡಿ. ಊರಿನವರಿಗೆಲ್ಲ ದೂರದೃಷ್ಟಿ ಕೊಡಿಸುತ್ತ ಕೂತವನು ಮೈಸೂರಿನಿಂದ ಆಚೆಗೆ ಹೋಗಿದ್ದೇ ಅಪರೂಪ.

ಈ ಬೇಸಿಗೆಯಲ್ಲಿ ಹೋಗಿಬಂದೆ. ಮಹಾರಾಷ್ಟ್ರಕ್ಕೆ. ನಗಬೇಡಿ. ವಿಜಯಪುರ ದಾಟಿ ಸ್ವಲ್ಪ ಹೊತ್ತಿಗೆ ನನ್ನ ಫೋನು ತಾನಾಗಿಯೇ ಸ್ವಾಗತದ ಸಂದೇಶ ತೋರಿಸಿತು. ಅಂಗಡಿಗಳ ಬೋರ್ಡಿನ ಲಿಪಿ ಬದಲಾಯಿತು, ಬಸ್ಸಿನ ಬಣ್ಣ ಬದಲಾಯಿತು. ವಿದೇಶ ಅನ್ನಿಸಿಕೊಳ್ಳಲು ಒಂದು ಜಾಗ ಇನ್ನೇನು ಮಾಡಬೇಕು?

ಹೋದದ್ದು ತಿರುಗಾಟಕ್ಕಲ್ಲ, ಪರೀಕ್ಷೆಗೆ. ಮಗಳು ಸುಮಾ ಮಿರಜಿನಲ್ಲಿ ನರ್ಸ್. ಅಲ್ಲಿಯೇ ಲ್ಯಾಬಿನಲ್ಲಿರುವ ಸಿದ್ರಾಮ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಊರು ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕಿನ ಉಟಗಿ. ನಾವು ಒಪ್ಪಿದೆವು, ಅವನ ತಂದೆ ತಾಯಿ ಒಪ್ಪಿದರು. ಒಪ್ಪದೆ ಉಳಿದವರು ಅವನ ಅಜ್ಜಿ ಗಂಗವ್ವ. "ಅಷ್ಟು ದೂರದ ಹುಡಗಿ. ನಮ್ಮ ಮನಿಗಿ ಹೊಂದ್ಯಾಳೋ ಇಲ್ಲೋ? ಮದಲ ಆಕಿ ಅಪ್ಪನ್ನ ಕಳಸ್ರಿ, ನೋಡಿ ಹೇಳ್ತೀನಿ" ಎಂದಿದ್ದರಂತೆ. ಆ ಮನೆಯಲ್ಲಿ ಗಂಗವ್ವ ಹೇಳುವ ತನಕ ಹಬ್ಬದ ಹೋಳಿಗೆಯೂ ಬೇಯುವುದಿಲ್ಲ ಎಂದು ಸುಮಾ ಎಚ್ಚರಿಸಿದಳು.

ಮಂಡಿನೋವಿನ ನನ್ನ ಹೆಂಡತಿ ನಾಗರತ್ನಳಿಗೆ ಬರಲಾಗಲಿಲ್ಲ. ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದಳು: "ನೋಡಿ, ಅಲ್ಲಿ ಹೋಗಿ ನಿಮ್ಮ ಬೆಳಕು, ಮಸೂರ, ಪಟ್ಟಕ ಅಂತ ಶುರು ಮಾಡಬೇಡಿ. ಕೇಳಿದ್ದಕ್ಕೆ ಹೌದು ಅನ್ನಿ, ಬಡಿಸಿದ್ದನ್ನ ತಿನ್ನಿ, ಬಾಯಿ ಮುಚ್ಕೊಂಡು ಬನ್ನಿ. ಮಗಳ ಬಾಳು."

ನಾನೂ ಸಿದ್ಧನಾಗಿಯೇ ಹೊರಟಿದ್ದೆ. ತಿಂಗಳುಗಟ್ಟಲೆ ಸುಮಾಳಿಂದ ಫೋನಿನಲ್ಲಿ ಮರಾಠಿ ಕಲಿತು ಒಂದೆರಡು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಎಸ್‌ಟಿ ಬಸ್ಸಿನ ಕಂಡಕ್ಟರ್ ಎದುರು ನಿಂತಾಗ ಗಂಟಲು ಸರಿಪಡಿಸಿಕೊಂಡು, "ಮಲಾ ಉಟಗೀಲಾ ಜಾಯಚಂ ಆಹೇ", ಅಂದರೆ ನಾನು ಉಟಗಿಗೆ ಹೋಗಬೇಕು, ಎಂದೆ. ಆತ ನನ್ನ ಮುಖವನ್ನು ಕರುಣೆಯಿಂದ ನೋಡಿದ. "ಯಾಕ್ರಿ ಅಷ್ಟ ತ್ರಾಸ ತಗೋತೀರಿ? ಕನ್ನಡದಾಗ ಹೇಳ್ರಿ, ಲಗೂನ ತಿಳೀತೈತಿ" ಎಂದ. ಹಿಂದಿನ ಸೀಟಿನವರು ನಕ್ಕರು. ನನ್ನ ಮರಾಠಿ ಅಲ್ಲಿಗೆ ಮುಗಿಯಿತು.

ಗುಡ್ಡಾಪುರ

ಹುಡುಗನ ತಂದೆ ಮಲ್ಲಪ್ಪನವರು ನನ್ನನ್ನು ಇಳಿಸಿಕೊಂಡು ನೇರ ಮನೆಗೆ ಒಯ್ಯಲಿಲ್ಲ. ಯಾವ ಶುಭದ ಮಾತಿಗೂ ಮೊದಲು ಗುಡ್ಡಾಪುರದ ದಾನಮ್ಮದೇವಿಗೆ ಕೈಮುಗಿಯಬೇಕು, ಅದು ಅವರ ಪದ್ಧತಿ. ಮಲ್ಲಪ್ಪನವರು ಒಣಬೇಸಾಯ, ಕುರಿ ಎರಡನ್ನೂ ನಡೆಸುವ ಮನುಷ್ಯ. ಆಳು ಎತ್ತರ, ಮಾತು ಕಡಿಮೆ. ಬೈಕಿನ ಹಿಂದೆ ಕೂತ ನನಗೆ ದಾರಿಯುದ್ದಕ್ಕೂ ಕಂಡದ್ದು ಅವರ ಬಿಳಿ ಟೋಪಿ ಮತ್ತು ಅದರ ಆಚೀಚೆ ಒಂದಿಷ್ಟು ಮಹಾರಾಷ್ಟ್ರ.

ನಡುಮಧ್ಯಾಹ್ನ ಗುಡಿಯ ಸುತ್ತ ಪ್ರದಕ್ಷಿಣೆಗೆ ಹೊರಟೆ. ಹಾಸುಗಲ್ಲು ಕಾದ ಹಂಚಾಗಿತ್ತು. ಊರಿನವರೆಲ್ಲ ಗೋಡೆಯ ನೆರಳಿಗೆ ಅಂಟಿಕೊಂಡು ಸುತ್ತುತ್ತಿದ್ದರೆ ನಾನು ನಂಜನಗೂಡಿನ ಠೀವಿಯಲ್ಲಿ ನಡುವೆಯೇ ನಡೆದೆ. ಅರ್ಧ ಸುತ್ತಿನ ಹೊತ್ತಿಗೆ ಕುಣಿಯುತ್ತಿದ್ದೆ, ಮುಕ್ಕಾಲು ಸುತ್ತಿಗೆ "ಅಮ್ಮಾ, ತಾಯೀ" ಎಂದು ಕೂಗುತ್ತ ಓಡುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರು ಮಲ್ಲಪ್ಪನವರಿಗೆ, "ಭಾಳ ಭಕ್ತಿ ಐತಿ ನೋಡ್ರಿ ಇವ್ರಿಗಿ" ಎಂದರು. ಮಲ್ಲಪ್ಪನವರು ಹೌದೆಂದು ತಲೆದೂಗಿದರು. ನಾನೂ ತಿದ್ದಲಿಲ್ಲ.

ಅದೇ ಹಿರಿಯರು ನನ್ನ ಜೊತೆ ಹತ್ತು ಮಾತಾಡಿದ ಮೇಲೆ ಮೆಚ್ಚುಗೆಯಿಂದ, "ನಿಮ್ಮ ಕನ್ನಡ ಚಲೋ ಐತ್ರಿ. ಎಲ್ಲಿ ಕಲ್ತ್ರಿ?" ಎಂದು ಕೇಳಿದರು. ಮೈಸೂರಿನ ಕಡೆಯವನಿಗೆ ಈ ಪ್ರಶ್ನೆ ಜನ್ಮದಲ್ಲಿ ಒಮ್ಮೆಯಾದರೂ ಬೀಳಬೇಕು, ಅಹಂಕಾರಕ್ಕೆ ಒಳ್ಳೆಯ ಔಷಧಿ.

ಉಟಗಿ, ಸಂಜೆ

ಗಂಗವ್ವ ಅಂಗಳದ ಹೊರಸಿನ ಮೇಲೆ ಕೂತು ನನ್ನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಸಂತೆಯಲ್ಲಿ ಕುರಿ ನೋಡುವಾಗಲೂ ಜನ ಹೀಗೆ ನೋಡುತ್ತಾರೆಂದು ಆಮೇಲೆ ತಿಳಿಯಿತು. "ಬರ್ರಿ, ಕುಂದ್ರಿ. ಕನ್ನಡಕದವ್ರು ಅಂದ್ರ ನೀವ ಏನು?" ಎಂದರು. ಆ ಕ್ಷಣದಿಂದ ನನಗೆ ಅದೇ ಹೆಸರಾಯಿತು.

ತಂದಿದ್ದ ಉಡುಗೊರೆ ಕೊಟ್ಟೆ. ಹತ್ತಿರದ್ದು ನೋಡುವ ಕನ್ನಡಕ, ಅವರ ವಯಸ್ಸು ಕೇಳಿ ಅಂದಾಜಿನಲ್ಲಿ ಮಾಡಿದ್ದು. ಹಾಕಿಕೊಂಡು ತಮ್ಮ ಅಂಗೈ ನೋಡಿಕೊಂಡರು. "ಇಷ್ಟ ಗೆರಿ ಅದಾವೇನು ನನ್ನ ಕೈಯಾಗ?" ಎಂದು ಬೆರಗಾದರು. ಕನ್ನಡಕ ತೆಗೆಯಲಿಲ್ಲ. ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ.

ಊಟಕ್ಕೆ ಅಂಗೈಯಗಲಕ್ಕಿಂತ ಎಷ್ಟೋ ದೊಡ್ಡದಾದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದು ಮುಗಿಸಿದರೆ ಇನ್ನೊಂದು ಬೀಳುತ್ತಿತ್ತು. ನಾಗರತ್ನಳ ಅಪ್ಪಣೆಯಂತೆ ಬಡಿಸಿದ್ದನ್ನೆಲ್ಲ ತಿಂದೆ. ಕಡೆಗೆ ಧೈರ್ಯ ಮಾಡಿ ಮದುವೆಯ ಮಾತು ತೆಗೆದೆ. ಗಂಗವ್ವ ಕೈಯೆತ್ತಿ ತಡೆದರು. "ನಾಳಿ ಶಾವಿಗಿ ಐತಿ. ಅದು ಮಾಡಿ, ಒಣಗಿಸಿ, ಡಬ್ಬಿ ತುಂಬಲಿ. ಆಮ್ಯಾಲ ಮಾತು." ಹುಡುಗನ ತಾಯಿ ಕಸ್ತೂರಿಯವರು ಅತ್ತೆಯ ಬೆನ್ನ ಹಿಂದಿನಿಂದ ನನಗೆ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಹೀಗೆ ನನ್ನ ಮಗಳ ಮದುವೆ ಶಾವಿಗೆಯ ಎಳೆಗೆ ನೇತುಬಿತ್ತು.

ಉಟಗಿ, ಬೆಳಗ್ಗೆ

ನಮ್ಮ ಕಡೆ ಶಾವಿಗೆ ಎಂದರೆ ಒರಳಿನಲ್ಲಿ ಒತ್ತುವುದು. ಇಲ್ಲಿಯದು ಬೇರೆಯೇ ವೈಭವ. ಉದ್ದನೆಯ ಮರದ ಮಣೆ, ಅದರ ಮೈತುಂಬ ಸಣ್ಣ ಗೀರು. ಒಂದು ತುದಿ ಎತ್ತರದಲ್ಲಿ, ಒಂದು ತುದಿ ನೆಲದ ಕಡೆಗೆ. ಎತ್ತರದ ತುದಿಯಲ್ಲಿ ಕಸ್ತೂರಿಯವರು ಕುದುರೆ ಏರಿದಂತೆ ಕೂತು ನಾದಿದ ಹಿಟ್ಟನ್ನು ಅಂಗೈಯಿಂದ ಉಜ್ಜಿ ಉಜ್ಜಿ ತಳ್ಳುತ್ತಾರೆ. ಕೂದಲೆಳೆಯಂಥ ಶಾವಿಗೆ ಜಾರುತ್ತ ಇಳಿಯುತ್ತದೆ. ಕೆಳಗಿದ್ದವರು ಅದನ್ನು ಕೋಲಿಗೆ ಹಿಡಿದು, ಕೋಲನ್ನು ಹಗ್ಗಕ್ಕೆ ತೂಗುಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಓಣಿಯ ಹೆಂಗಸರೆಲ್ಲ ಸೇರಿ ಮಾಡುವ ಕೆಲಸ. ಇವತ್ತು ನಮ್ಮದು, ನಾಳೆ ನಿಮ್ಮದು. ಗೋಧಿ ನೆನೆಸಿ, ಬೀಸಿ, ಸೋಸಿ ದಿನಗಟ್ಟಲೆ ಪಟ್ಟ ಪಾಡು. ನಾದಿದ ಹಿಟ್ಟು ಅಂದೇ ಶಾವಿಗೆಯಾಗಬೇಕು. ನಾಳೆಗೆ ಹುಳಿ.

ಗಂಡಸರು ಅತ್ತ ಸುಳಿಯುವಂತಿಲ್ಲ. ಆದರೆ ಪರದೇಶಿಗೆ ಎಲ್ಲ ದೇಶದಲ್ಲೂ ರಿಯಾಯಿತಿ ಉಂಟು. ನನ್ನ ಕೈಗೆ ಕೋಲು ಕೊಟ್ಟು, ಒಣಹಾಕಲು ಮನೆಯ ಮೇಲಿನ ಬಯಲು ಮಾಳಿಗೆಗೆ ಹತ್ತಿಸಿದರು. ಮೊದಲ ಕೋಲಿನ ಶಾವಿಗೆಯನ್ನು ನನ್ನ ಹೆಗಲ ಮೇಲೇ ಒಣಹಾಕಿಕೊಂಡು ಮೆಟ್ಟಿಲು ಏರಿದೆ. ಹೆಂಗಸರ ನಗು ಗುಡ್ಡಾಪುರಕ್ಕೂ ಕೇಳಿಸಿರಬೇಕು.

ಬಿಸಿಲು ಚುರುಗುಟ್ಟುವ ಹೊತ್ತಿಗೆ, ನಾನು ಇನ್ನೊಂದು ಕೋಲಿಗೆಂದು ಕೆಳಗಿಳಿದಾಗ, ಗಂಗವ್ವ ಅಂಗಳದ ನಡುವಿನಿಂದ ಕೂಗಿದರು. "ನಿಲ್ಲಸ್ರಿ! ಸೂರ್ಯಗ ಗುಡಿ ಕಟ್ಟೇತಿ!"

ಎಲ್ಲರೂ ಕತ್ತೆತ್ತಿದೆವು. ಆಕಾಶದ ತುಂಬ ತೆಳ್ಳಗೆ ಹಾಲಿನ ಕೆನೆಯಂಥ ಮೋಡ. ಅದರ ನಡುವೆ ಸೂರ್ಯ, ಸೂರ್ಯನ ಸುತ್ತ ದುಂಡಗೆ ಒಂದು ದೊಡ್ಡ ಬಳೆ. ಅವರು ಗುಡಿ ಎಂದದ್ದು ಅದನ್ನೇ. ಒಳಅಂಚು ಕೆಂಪು, ಆಮೇಲೆ ಹಳದಿ, ಹೊರಗೆ ಹೋಗುತ್ತ ನಸುನೀಲಿ. ಬಳೆಯ ಒಳಗಿನ ಆಕಾಶ ಹೊರಗಿನದಕ್ಕಿಂತ ಮಬ್ಬು. ನಾನು ಪುಸ್ತಕದಲ್ಲಿ ಓದಿದ್ದೆ, ಅಂಗಡಿಯ ನೆತ್ತಿಯ ಮೇಲೆ ಹೀಗೆ ಕಂಡಿರಲಿಲ್ಲ. ಅಂಗಡಿಯೊಳಗೆ ಕೂತವನಿಗೆ ಆಕಾಶ ಎಲ್ಲಿ ಕಾಣಬೇಕು? ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು.

ಗಂಗವ್ವನ ಚಿಂತೆ ಬೇರೆ. "ಗುಡಿ ದೂರ ಕಟ್ಟಿದರ ಮಳಿ ಹತ್ತರ, ಹತ್ತರ ಕಟ್ಟಿದರ ಮಳಿ ದೂರ. ಇದು ದೂರ ಕಟ್ಟೇತಿ. ಇವತ್ತ ಮಳಿ ಬರ್ತೈತಿ. ಶಾವಿಗಿ ಹೊರಗ ಹಾಕಬ್ಯಾಡ್ರಿ" ಎಂದರು.

ಮಣೆಯ ಮೇಲಿನಿಂದ ಕಸ್ತೂರಿಯವರು, "ಎಲ್ಲಿ ದೂರ, ಅತ್ಯಾರ? ಹತ್ತರನ ಐತಲ್ರಿ. ಇವತ್ತ ಮಳಿ ಬರಂಗಿಲ್ಲ. ಇಷ್ಟು ಹಿಟ್ಟು ನಾದೇನಿ, ಒಳಗ ಎಲ್ಲಿ ಒಣಗಿಸೂಣು?" ಎಂದರು.

ಓಣಿ ಎರಡು ಪಾಲಾಯಿತು. ಅತ್ತೆಯರೆಲ್ಲ ದೂರ ಎಂದರು, ಸೊಸೆಯರೆಲ್ಲ ಹತ್ತಿರ ಎಂದರು. ಗದ್ದಲ ಕೇಳಿ ಇಣುಕಿದ್ದ ಮಲ್ಲಪ್ಪನವರು ಕುರಿ ನೋಡಿಬರುತ್ತೇನೆಂದು ಸದ್ದಿಲ್ಲದೆ ಬಾಗಿಲ ಕಡೆ ಸರಿಯುತ್ತಿದ್ದರು. ಅಷ್ಟರಲ್ಲಿ ಗಂಗವ್ವ ನನ್ನತ್ತ ತಿರುಗಿದರು. "ಕನ್ನಡಕದವ್ರ, ನೀವು ಕಣ್ಣಿನ ದಂಧೇದವ್ರು. ನೀವ ಹೇಳ್ರಿ. ದೂರೋ, ಹತ್ತರೋ?"

ಅತ್ತೆ ಸೊಸೆಯ ನಡುವೆ ತೀರ್ಪು ಹೇಳಿ ಬದುಕಿದ ಗಂಡಸಿನ ಕತೆ ನಾನಂತೂ ಕೇಳಿಲ್ಲ. ದೂರ ಎಂದರೆ ಬೀಗಿತ್ತಿ ಕೈಬಿಡುತ್ತಾರೆ, ಹತ್ತಿರ ಎಂದರೆ ಅಜ್ಜಿ. ಸುಮಾಳ ಮುಖ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಿರಿ ಎಂಬ ನಾಗರತ್ನಳ ಮಾತೂ ಬಂತು. ಆದರೆ ತಲೆಯ ಮೇಲೆ ಅಂಥ ಬಳೆ ಇಟ್ಟುಕೊಂಡು ಕನ್ನಡಕದವನು ಬಾಯಿ ಮುಚ್ಚುವುದು ಹೇಗೆ?

"ಮೊದಲು ಎಲ್ಲರೂ ಸೂರ್ಯನನ್ನ ನೇರ ನೋಡೋದು ನಿಲ್ಲಿಸಿ. ಕಣ್ಣು ಸುಟ್ಟುಹೋಗುತ್ತೆ. ಅಮ್ಮ, ನೀವು ಆ ಕನ್ನಡಕ ತೆಗೀರಿ, ಅದು ಹತ್ತಿರದ್ದಕ್ಕೆ" ಎಂದೆ. "ಈಗ ಕೈ ನೆಟ್ಟಗೆ ಚಾಚಿ. ಹೆಬ್ಬೆರಳಿಂದ ಸೂರ್ಯನ್ನ ಮುಚ್ಚಿ. ಬೆರಳು ಅಗಲಿಸಿ ಗೇಣು ಮಾಡಿ. ಕಿರುಬೆರಳು ಎಲ್ಲಿಗೆ ಬರುತ್ತೆ ನೋಡಿ."

ಅಂಗಳದ ತುಂಬ ಹಿಟ್ಟು ಮೆತ್ತಿದ ಕೈಗಳು ಮೇಲೆದ್ದವು. ಮಣೆಯ ಮೇಲಿಂದ ಕಸ್ತೂರಿಯವರು ಒಂದು ಕೈ ಎತ್ತಿದರು. ಓಡಿಹೋಗುತ್ತಿದ್ದ ಮಲ್ಲಪ್ಪನವರೂ ಬಾಗಿಲಲ್ಲೇ ನಿಂತು ತಮ್ಮ ಮೊರದಗಲ ಕೈ ಚಾಚಿದರು.

"ಬರೋಬ್ಬರಿ ಒಂದ ಗೇಣು" ಎಂದರು ಗಂಗವ್ವ.

"ನನಗೂ ಒಂದ ಗೇಣು" ಎಂದರು ಕಸ್ತೂರಿಯವರು. ಬಾಗಿಲಿಂದ ಮಲ್ಲಪ್ಪನವರೂ ಒಂದೇ ಎಂದು ಬೆರಳೆತ್ತಿ ತೋರಿಸಿದರು.

ಗಂಗವ್ವ ಮಗನ ಕೈಯನ್ನು ಸಂಶಯದಿಂದ ನೋಡಿದರು. "ಅವನ ಗೇಣು ನನ್ನದರ ಒಂದೂವರಿ ಪಟ್ಟು ಐತಿ. ಅವನಿಗೂ ಒಂದ ಗೇಣು ಹ್ಯಾಂಗ?"

"ಕೈ ದೊಡ್ಡದಾದ್ರೆ ತೋಳೂ ಉದ್ದ ಇರುತ್ತಲ್ಲಮ್ಮ. ಕೈ ಅಷ್ಟು ದೂರ ಹೋಗುತ್ತೆ, ಅಷ್ಟು ಸಣ್ಣದಾಗಿ ಕಾಣುತ್ತೆ. ಅದಕ್ಕೇ ಎಲ್ಲರ ಲೆಕ್ಕವೂ ಒಂದೇ. ಈ ಬಳೆ ಯಾವ ದೇಶದಲ್ಲಿ ಕಟ್ಟಿದರೂ ಇಷ್ಟೇ, ಒಂದು ಗೇಣು" ಎಂದೆ.

ಇನ್ನು ನನ್ನನ್ನು ಹಿಡಿಯುವವರಿರಲಿಲ್ಲ. ಆ ತೆಳುಮೋಡ ಬಹಳ ಎತ್ತರದ್ದು, ಅದರಲ್ಲಿರುವುದು ನೀರಲ್ಲ, ಮಂಜುಗಡ್ಡೆಯ ಹರಳು ಎಂದೆ. ಶಾಲೆ ಮಕ್ಕಳ ಪೆನ್ಸಿಲ್ ತುಂಡಿನ ಹಾಗೆ ಆರು ಮುಖ. ಬೆಳಕು ಒಂದು ಮುಖದಿಂದ ಹೊಕ್ಕು ಇನ್ನೊಂದರಿಂದ ಹೊರಬರುವಾಗ ಬಾಗುತ್ತದೆ. ಕೆಂಪು ಕಡಿಮೆ ಬಾಗುತ್ತದೆ, ಅದಕ್ಕೇ ಒಳಗೆ. ನೀಲಿ ಹೆಚ್ಚು ಬಾಗುತ್ತದೆ, ಅದಕ್ಕೇ ಹೊರಗೆ. ಒಂದು ಗೇಣಿಗಿಂತ ಕಡಿಮೆ ಬಾಗಿಸುವುದು ಆ ಹರಳಿನ ಕೈಯಲ್ಲಿ ಆಗುವುದಿಲ್ಲ, ಅದಕ್ಕೇ ಬಳೆಯ ಒಳಗೆ ಮಬ್ಬು. ಇನ್ನು ಕೆಲವೊಮ್ಮೆ ಚಂದ್ರನಿಗೆ ಅಂಟಿಕೊಂಡ ಹಾಗೆ ಸಣ್ಣ ಬಳೆ ಕಾಣುತ್ತದಲ್ಲ, ಅದು ಬೇರೆ, ಅದು ನೀರಿನ ಹನಿಯ ಕೆಲಸ. ಹಿರಿಯರು ಹತ್ತಿರ ಎಂದದ್ದು ಬಹುಶಃ ಅದಕ್ಕೆ.

"ಈ ಬ್ಯಾಸಗ್ಯಾಗ ಮ್ಯಾಲ ಬರ್ಫ?" ಗಂಗವ್ವ ಸೆರಗಿನಿಂದ ಬೆವರು ಒರೆಸಿಕೊಂಡರು. "ಕೆಳಗ ನಾವು ಹಂಚಿನ ಮ್ಯಾಲಿನ ರೊಟ್ಟಿ ಆಗೇವಿ, ದೇವರು ಬರ್ಫ ಮ್ಯಾಲ ಇಟಗೊಂಡು ಕುಂತಾನಂತ!"

"ಇನ್ನೊಂದು ಮಾತು" ಎಂದೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ. "ನಿಮಗೆ ಕಾಣೋ ಬಳೆ ನಿಮ್ಮದು, ನನಗೆ ಕಾಣೋದು ನನ್ನದು. ನಿಮ್ಮ ಕಣ್ಣಿಗೆ ಬರೋ ಬೆಳಕು ಬೇರೆ ಹರಳಿಂದು, ನನ್ನ ಕಣ್ಣಿಗೆ ಬರೋದು ಬೇರೆ ಹರಳಿಂದು."

ಗಂಗವ್ವನ ಮುಖ ಗಂಟಾಯಿತು. "ಒಂದ ಸೂರ್ಯಗ ಮಂದಿಗೊಂದು ಗುಡಿ ಏನ್ರಿ? ಇದು ಚಲೋ ಅಲ್ಲ ಬಿಡ್ರಿ. ಅದು ಹೋಗ್ಲಿ, ಮಳಿ ಬರ್ತೈತೋ ಇಲ್ಲೋ ಅದನ್ನ ಹೇಳ್ರಿ."

"ಇಂಥ ಮೋಡದ ಹಿಂದೆ ಮಳೆ ಬರಲೂಬಹುದು. ಬರದೇ ಇರಲೂಬಹುದು."

"ಇದನ್ನ ಹೇಳಾಕ ಮೈಸೂರಿಂದ ಬಂದ್ರಿ?" ಎಂದರು ಗಂಗವ್ವ. ಹೆಂಗಸರು ಬಿದ್ದು ಬಿದ್ದು ನಕ್ಕರು. ಕಸ್ತೂರಿಯವರೂ ನಕ್ಕರು. ಅತ್ತೆ ಸೊಸೆ ಜೊತೆಯಾಗಿ ನಕ್ಕದ್ದೇ ನನ್ನ ವಿಜ್ಞಾನದ ಲಾಭ.

ಕಡೆಗೆ ನಾನೇ ಒಂದು ರಾಜಿ ಸೂಚಿಸಿದೆ. ಅರ್ಧ ಶಾವಿಗೆ ಮಾಳಿಗೆಯ ಬಿಸಿಲಿಗೆ, ಅರ್ಧ ಒಳಗೆ. ಮಳೆ ಬಂದರೆ ಅರ್ಧ ಉಳಿಯುತ್ತದೆ, ಬರದಿದ್ದರೆ ಎಲ್ಲ ಉಳಿಯುತ್ತದೆ. ಎರಡೂ ಪಕ್ಷಕ್ಕೆ ಒಪ್ಪಿಗೆಯಾಯಿತು. ಮನೆಯೊಳಗೆ ಜಾಗ ಸಾಲದೆ ಒಳಗಿನ ಪಾಲನ್ನು ಪಕ್ಕದ ತಗಡಿನ ಶೆಡ್ಡಿನಲ್ಲಿ ತೂಗುಹಾಕಿದೆವು. ಅಲ್ಲಿ ಒಂದು ಮೂಲೆಯಲ್ಲಿ ಬಲೆ ಕಟ್ಟಿ ಕುರಿಮರಿಗಳನ್ನು ಬಿಟ್ಟಿದ್ದರು. ತಾಯಿಕುರಿಗಳು ಮೇಯಲು ಹೋಗಿದ್ದವು. ಮರಿಗಳು ಬಲೆಯ ಹಿಂದಿನಿಂದ ನಾನು ಕೋಲು ತೂಗುಹಾಕುವುದನ್ನು ಬಹಳ ಆಸಕ್ತಿಯಿಂದ ನೋಡಿದವು.

ಮಾಳಿಗೆಯ ಮೇಲೆ

ಇಳಿಹೊತ್ತಿಗೆ ಗಾಳಿ ಎದ್ದಿತು. ಬಳೆ ಎಂದೋ ಮಾಯವಾಗಿತ್ತು, ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಮನೆಯವರು, ಓಣಿಯವರು ಎಲ್ಲ ಮಾಳಿಗೆಗೆ ಹತ್ತಿದೆವು. ಅಲ್ಲಿಯ ಶಾವಿಗೆ ಗರಿಗರಿ ಒಣಗಿತ್ತು, ಬೇಕೆಂದರೆ ತೆಗೆದು ಕೆಳಗಿಳಿಸಬಹುದಿತ್ತು. ಯಾರೂ ಮುಟ್ಟಲಿಲ್ಲ. ಈಗ ಪ್ರಶ್ನೆ ಶಾವಿಗೆಯದಾಗಿ ಉಳಿದಿರಲಿಲ್ಲ. ಎಲ್ಲರ ಕಣ್ಣೂ ಆಕಾಶದಲ್ಲಿ.

ಒಂದು ಗುಡುಗು. ಒಂದು ಹನಿ ಗಂಗವ್ವನ ಮೂಗಿನ ಮೇಲೆ ಬಿತ್ತು. "ಬಂತ ನೋಡು ಮಳಿ!" ಎಂದರು. ಇನ್ನಷ್ಟು ಹನಿ ಅಲ್ಲಲ್ಲಿ ಬಿದ್ದು, ನೆಲ ಮುಟ್ಟಿದ ಕೂಡಲೇ ಆರಿದವು. ಮೋಡ ಆಚೆ ಊರಿನ ಕಡೆ ಸರಿಯಿತು. "ಇದು ಮಳಿ ಅಂತಾರೇನು ಅತ್ಯಾರ? ಯಾರೋ ಕೈ ಝಾಡಿಸಿದಂಗ ಆತು" ಎಂದರು ಕಸ್ತೂರಿಯವರು. ಬಂದದ್ದು ಮಳೆ ಹೌದೋ ಅಲ್ಲವೋ ಎಂದು ವಾದ ಮತ್ತೆ ಹೊತ್ತಿಕೊಂಡಿತು. ನನ್ನ ತೀರ್ಪು ಅಕ್ಷರಶಃ ನಿಜವಾಗಿತ್ತು. ಬರಲೂ ಬಂದಿತ್ತು, ಬರದೆಯೂ ಇತ್ತು. ನಾನು ಎದೆಯುಬ್ಬಿಸಿ ನಿಂತೆ.

ಆಗ ಕೆಳಗೆ ಬ್ಯಾ ಬ್ಯಾ ಎಂಬ ಭಾರಿ ಗದ್ದಲ ಎದ್ದಿತು. ಮಲ್ಲಪ್ಪನವರು ಹಣೆ ಚಚ್ಚಿಕೊಂಡರು. "ಯವ್ವಾ! ಕುರಿ ಬಂದ್ವು!"

ಸಂಜೆ ಹಿಂಡು ಮರಳುವ ಹೊತ್ತಿಗೆ ಮರಿಗಳು ಹುಚ್ಚೆದ್ದು ತಾಯಿಯ ಕಡೆ ನುಗ್ಗುತ್ತವೆ. ಅದಕ್ಕೇ ದಿನವೂ ಯಾರಾದರೂ ಒಬ್ಬರು ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಾರೆ. ಇದು ಆ ಊರಿನ ಕೂಸಿಗೂ ಗೊತ್ತಿರುವ ಸಂಗತಿ. ಆದರೆ ಅಂದು ಕುರಿ ಸಾಕುವ ಇಡೀ ಮನೆ ಮಾಳಿಗೆಯ ಮೇಲೆ ಮೋಡ ಕಾಯುತ್ತಿತ್ತು.

ಓಡಿಹೋಗಿ ನೋಡಿದೆವು. ಬಲೆ ಹರಿದಿತ್ತು, ಹಗ್ಗ ಜಗ್ಗಿತ್ತು. ಮರಿಗಳು ಹಾಲು ಕುಡಿದು ಬಂದು ಊಟದ ಎರಡನೆಯ ಪಂಕ್ತಿಯಲ್ಲಿದ್ದವು. ತಾಯಂದಿರೂ ಜೊತೆ ಸೇರಿದ್ದವು. ಇನ್ನೂ ಮೆತ್ತಗಿದ್ದ ಶಾವಿಗೆಯನ್ನು ಎಳೆ ಎಳೆಯಾಗಿ ಎಳೆದು ತಿನ್ನುತ್ತಿದ್ದವು. ಒಂದು ಕರಿಮರಿ ಕಿವಿಯಿಂದ ಶಾವಿಗೆ ಇಳಿಬಿಟ್ಟುಕೊಂಡು ಮದುವೆಗಂಡಿನಂತೆ ನಿಂತು ನನ್ನನ್ನೇ ನೋಡಿತು. ಮಳೆಗೆ ಹೆದರಿ ಜೋಪಾನ ಮಾಡಿದ ಪಾಲೇ ಹೋಗಿತ್ತು. ಬಯಲಿಗೆ ಬಿಟ್ಟದ್ದು ಸುಖವಾಗಿ ಒಣಗಿತ್ತು.

ಎಲ್ಲರೂ ನನ್ನನ್ನು ನೋಡಿದರು. ಅರ್ಧ ಒಳಗೆ ಎಂದವನು ನಾನೇ. ಗಂಗವ್ವ ಸೆರಗು ಕೊಡವಿಕೊಂಡು ಒಳಗೆ ಹೋದರು. ನಾಗರತ್ನಳಿಗೆ ಫೋನು ಮಾಡುವ ಧೈರ್ಯವಾಗಲಿಲ್ಲ. ಸುಮಾ ತಾನಾಗಿಯೇ ಮಾಡಿದಳು. "ಅಪ್ಪಾ, ಅಜ್ಜಿ ಏನಂದ್ರು?" ಎಂಬ ಅವಳ ದನಿಯಲ್ಲಿದ್ದ ಆಸೆ ಕೇಳಿ ನನ್ನ ಕಣ್ಣು ತುಂಬಿತು. "ಊಟ ಆಗಲಿ, ಹೇಳ್ತೀನಿ ಮಗಳೇ" ಎಂದು ಇಟ್ಟುಬಿಟ್ಟೆ.

ಒಂದೇ ಗಂಗಾಳ

ಹೊಸ ಶಾವಿಗೆಯನ್ನು ಅಂದೇ ಸ್ವಲ್ಪ ಬೇಯಿಸಿ, ಬೆಲ್ಲ ತುಪ್ಪ ಹಾಕಿ ತಿನ್ನುವುದು ಅವರ ವಾಡಿಕೆ. ಪಡಸಾಲೆಯಲ್ಲಿ ನನಗೂ ಮಲ್ಲಪ್ಪನವರಿಗೂ ಎದುರುಬದುರು ಮಣೆ ಹಾಕಿದ್ದರು. ನಡುವೆ ಇದ್ದದ್ದು ಒಂದೇ ಗಂಗಾಳ, ದೊಡ್ಡ ತಟ್ಟೆ. ತಪ್ಪಿತಸ್ಥನಿಗೆ ಬೇರೆ ತಟ್ಟೆಯೂ ಇಲ್ಲ ಎಂದುಕೊಂಡೆ.

ಗಂಗವ್ವ ತಾವೇ ಪಾತ್ರೆ ಹಿಡಿದು ಬಂದರು. ಮೂಗಿನ ಮೇಲೆ ನನ್ನ ಕನ್ನಡಕ. ಗಂಗಾಳದ ನಡುವೆ ಒಂದು ಹಳದಿ ಬೆಲ್ಲದ ಉಂಡೆ ಇಟ್ಟರು. ಆಮೇಲೆ ಬೆಂದ ಶಾವಿಗೆಯನ್ನು ಅದರ ಸುತ್ತ, ತಟ್ಟೆಯ ಅಂಚಿಗೆ ಸರಿಯಾಗಿ, ದುಂಡಗೆ ಬಳಸಿ ಬಳಸಿ ಬಡಿಸಿದರು. ಕಸ್ತೂರಿಯವರು ಬಾಗಿಲಿಗೆ ಒರಗಿ ನಗು ತಡೆದುಕೊಳ್ಳುತ್ತಿದ್ದರು.

"ಅಳೀರಿ" ಎಂದರು ಗಂಗವ್ವ.

ನಾನು ಹೆಬ್ಬೆರಳನ್ನು ಬೆಲ್ಲದ ಮೇಲಿಟ್ಟು ಕೈ ಅಗಲಿಸಿದೆ. ಕಿರುಬೆರಳು ಶಾವಿಗೆಗೆ ತಾಗಿತು. "ಒಂದು ಗೇಣು" ಎಂದೆ.

"ಇದು ನಿಮಗೊಂದು ಇವನಿಗೊಂದು ಅಲ್ಲ ಮತ್ತ. ಇಬ್ಬರಿಗೂ ಒಂದ. ಕೂಡಿ ಉಣ್ರಿ" ಎಂದು ತುಪ್ಪ ಸುರಿದರು. ಆಮೇಲೆ ಸೊಸೆಯ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇನೋ ಎಂಬಂತೆ ಹೇಳಿದರು: "ಉಳದಿದ್ದು ಲಗ್ನಕ್ಕ ಸಾಲಂಗಿಲ್ಲ. ಕುರಿ ತಿಂದದ್ದು ಹುಡಗಿ ಕಡಿಯವ್ರ ಪಾಲು. ಬರೂ ವಾರ ಇನ್ನೊಮ್ಮಿ ಹಿಟ್ಟು ನಾದೂಣು." ಆಮೇಲೆ ನನ್ನ ಕಡೆ ತಿರುಗಿದರು: "ಬೀಗ್ತೀಗಿ ಬರಾಕ ಹೇಳ್ರಿ ಬೀಗರ, ಮಂಡಿ ನೋಯ್ತಿದ್ರ ಮಣಿ ಮ್ಯಾಲ ಕುಂತು ಹೊಸೀಲಿ."

ಬೀಗರ! ಎರಡು ದಿನದಲ್ಲಿ ಮೊದಲ ಸಲ ನಾನು ಕನ್ನಡಕದವನಾಗಿರಲಿಲ್ಲ. ಮಲ್ಲಪ್ಪನವರು ಅದೇನೂ ದೊಡ್ಡದಲ್ಲ ಎಂಬಂತೆ ಬಳೆಯ ತಮ್ಮ ಕಡೆಯ ಭಾಗಕ್ಕೆ ಕೈ ಹಾಕಿದರು. "ಅಮ್ಮ, ಹುಡುಗಿ ದೂರದವಳು ಅಂತಿದ್ರಲ್ಲ..." ಎಂದೆ.

ಗಂಗವ್ವ ಕನ್ನಡಕದ ಮೇಲಿನಿಂದ ನೋಡಿದರು. "ನಾ ಮುಂಜಾನಿಂದ ಏನ್ ಹೇಳ್ಲಾಕತ್ತೀನ್ರಿ? ದೂರ ಕಟ್ಟಿದರ ಹತ್ತರ ಬರ್ತೈತಿ."